ಮಗ್ಗಿ ಬಂತು, ಲೆಕ್ಕ ಬರಲಿಲ್ಲ

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಲೆಕ್ಕದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕ ಮಿತ್ರರಿಗೆ ನಗು ಬರುವುದು ಸಹಜ. ಸಂಪಾದಕ ಮಂಡಲಿಯ ಗೆಳೆಯರೂ ನಕ್ಕರು. “ಹಂಪೆಗೆ ಹೋಗಿಬಂದದ್ದನ್ನು ಬರೆದುಕೊಡಬಾರದೆ?” ಎಂದು ಕೇಳಿದರು. ಹಂಪೆಯ ವಿಚಾರ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬಿ.ಎ. ತರಗತಿಗೆ ಏಕೆ ಸೇರಿದಿರಿ ಎಂದು ಯಾರಾದರೂ ಕೇಳಿದರೆ ಇತಿಹಾಸದಲ್ಲಿ ಆಸಕ್ತಿಯೆಂದೋ, ಕನ್ನಡದ ಮೇಲಿನ ಅಭಿಮಾನವೆಂದೋ ನಾವೆಲ್ಲ ಗಂಭೀರವಾಗಿ ಉತ್ತರ ಹೇಳುತ್ತೇವೆ. ಎದೆ ಮುಟ್ಟಿಕೊಂಡು ಹೇಳುವುದಾದರೆ, ನಮ್ಮಲ್ಲಿ ಬಹಳ ಜನ ಇಲ್ಲಿಗೆ ಬಂದದ್ದು ಲೆಕ್ಕಕ್ಕೆ ಹೆದರಿ. ನಾನಂತೂ ಹಾಗೆಯೇ ಬಂದವಳು. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ನನಗೆ ಬಂದ ಅಂಕ 38. ಆಗ ಮೂವತ್ತೈದು ಬಂದರೆ ದಡ. ಫಲಿತಾಂಶ ತಿಳಿದ ದಿನ ಅವ್ವ ಮನೆದೇವರಿಗೆ ಕಾಯಿ ಒಡೆಸಿದಳು. ನಾನು ಗಣಿತದ ಪುಸ್ತಕವನ್ನು ರದ್ದಿಯವನಿಗೆ ಹಾಕಿದೆ.

ಆ ಹೆದರಿಕೆ ಹುಟ್ಟಿದ ದಿನವೂ ನನಗೆ ಚೆನ್ನಾಗಿ ನೆನಪಿದೆ. ಆಗ ಐದನೆಯ ತರಗತಿ. ಶಾಲೆಯ ಹೆಸರು ಬೇಡ. ಮಗ್ಗಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಸಂಜೆಯ ಹೊತ್ತು ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ನನ್ನನ್ನು ಮುಂದೆ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದರು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಎಂದು ನಾನು ರಾಗ ತೆಗೆದರೆ ನಲವತ್ತು ಗಂಟಲುಗಳು ಹಿಂದಿನಿಂದ ಕೂಗುತ್ತಿದ್ದವು. ಇಪ್ಪತ್ತರ ಮಗ್ಗಿಯವರೆಗೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ತರಗತಿಗೆ ಬಂದ ಹಿರಿಯರೊಬ್ಬರು, “ಐವತ್ತಾರು ಯಾವ ಯಾವ ಮಗ್ಗಿಯಲ್ಲಿ ಬರುತ್ತದೆ, ಹೇಳು” ಎಂದರು. ನಾನು ಸುಮ್ಮನೆ ನಿಂತೆ. ಏಳೆಂಟ್ಲ ಐವತ್ತಾರು ಎಂದು ಸಾವಿರ ಸಲ ಹೇಳಿದ ಬಾಯಿ ಅದು. ಆದರೂ ಐವತ್ತಾರು ಎಂಬ ಸಂಖ್ಯೆ ಒಂಟಿಯಾಗಿ ಎದುರಿಗೆ ಬಂದು ನಿಂತಾಗ ಅದು ಯಾರ ಮನೆಯದೆಂದು ನನಗೆ ತಿಳಿಯಲಿಲ್ಲ. ಮನಸ್ಸಿನಲ್ಲೇ ಎರಡರ ಮಗ್ಗಿಯಿಂದ ಆರಂಭಿಸಿದೆ. ನಾಲ್ಕರ ಮಗ್ಗಿ ಹತ್ತಕ್ಕೆ ನಿಂತುಹೋಗುವುದರಿಂದ ಅಲ್ಲಿ ಐವತ್ತಾರು ಸಿಗಲಿಲ್ಲ. ಅಷ್ಟರಲ್ಲಿ ಅವರ ತಾಳ್ಮೆ ಮುಗಿಯಿತು. ಮಗ್ಗಿ ಹೇಳಿಸುತ್ತಿದ್ದವಳು ಬೆಂಚಿನ ಮೇಲೆ ನಿಂತಳು. ನಲವತ್ತು ಮಂದಿ ನೋಡಿದರು.

ಈಗ ಯೋಚಿಸಿದರೆ ತಪ್ಪು ನನ್ನದೊಬ್ಬಳದೇ ಅಲ್ಲವೆಂದು ತೋರುತ್ತದೆ. ಮಗ್ಗಿ ಹೊಳೆಯ ನೀರಿನ ಹಾಗೆ. ಒಂದೇ ಕಡೆಗೆ ಹರಿಯುತ್ತದೆ. ಏಳು, ಎಂಟು ಎಂದು ಎರಡು ಸಂಖ್ಯೆ ಕೊಟ್ಟರೆ ಅದು ನಮ್ಮನ್ನು ತೇಲಿಸಿಕೊಂಡು ಹೋಗಿ ಐವತ್ತಾರರ ದಡಕ್ಕೆ ಬಿಡುತ್ತದೆ. ಐವತ್ತಾರರ ದಡದಲ್ಲಿ ನಿಂತು ಎಲ್ಲಿಂದ ಬಂದೆ ಎಂದು ಕೇಳಿದರೆ ಪ್ರವಾಹಕ್ಕೆ ಎದುರಾಗಿ ಈಜಬೇಕು. ಆ ಈಜು ನಮಗೆ ಯಾರೂ ಕಲಿಸಿರಲಿಲ್ಲ. ಐದನೆಯ ತರಗತಿಯ ಪುಸ್ತಕದಲ್ಲಿ ಅದಕ್ಕೊಂದು ಪಾಠವಿದೆ, ನಿಜ: ಅಪವರ್ತನಗಳು ಮತ್ತು ಅಪವರ್ತ್ಯಗಳು. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವುದು ಅದರ ಅಪವರ್ತನ. ಆ ಸಂಖ್ಯೆಯ ಮಗ್ಗಿಯಲ್ಲಿ ಮುಂದೆ ಬರುವುದು ಅದರ ಅಪವರ್ತ್ಯ. ಏಳು ಐವತ್ತಾರರ ಅಪವರ್ತನ, ಐವತ್ತಾರು ಏಳರ ಅಪವರ್ತ್ಯ. ಇಷ್ಟೇ ವಿಷಯ. ಆದರೆ ಹೆಸರುಗಳನ್ನು ನೋಡಿರಿ! ಎರಡಕ್ಕೂ ಇರುವ ಭೇದ ಕೊನೆಯಲ್ಲಿ ಒಂದಿಷ್ಟು. ನಮ್ಮ ತರಗತಿಯ ಅರ್ಧ ಜನ ಆ ಹೊಸ್ತಿಲಲ್ಲೇ ಎಡವಿ ಬಿದ್ದರು. ಮುಂದೆ ಭಿನ್ನರಾಶಿ ಬಂತು. ಛೇದಗಳನ್ನು ಸಮ ಮಾಡಬೇಕೆಂದರೆ ಲ.ಸಾ.ಅ. ಬೇಕು, ಲ.ಸಾ.ಅ.ಕ್ಕೆ ಅಪವರ್ತನ ಬೇಕು. ಬೀಜಗಣಿತ ಬಂತು, ಅಲ್ಲಿಯೂ ಅಪವರ್ತಿಸು ಎನ್ನುತ್ತಾರೆ. ಮೊದಲ ಮೆಟ್ಟಿಲು ತಪ್ಪಿದವರಿಗೆ ಮೇಲಿನ ಯಾವ ಮೆಟ್ಟಿಲೂ ಕಾಲಿಗೆ ಸಿಗಲಿಲ್ಲ.

ವಿಚಿತ್ರವೆಂದರೆ, ನನಗೆ ಶಾಲೆಯಲ್ಲಿ ಸಿಗದ ಆ ಮೆಟ್ಟಿಲು ನಮ್ಮ ಮನೆಯಲ್ಲೇ ಇತ್ತು. ನಮ್ಮ ವಂಶದಲ್ಲಿ ಕಾಲೇಜಿನ ಬಾಗಿಲು ಕಂಡವಳು ನಾನೇ ಮೊದಲು. ಅಜ್ಜಿಗೆ ಓದು ಬಾರದು. ಅಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿಗೆ ಹೋಗುತ್ತಿದ್ದವನು. ಬೆಂಕಿಪುರವೆಂದು ಹಿಂದೆ ಹೆಸರಿದ್ದ ಈ ಊರಿನಲ್ಲಿ 1923ರಲ್ಲಿ ಆ ಕಾರ್ಖಾನೆ ಕಬ್ಬಿಣ ಕರಗಿಸಲು ತೊಡಗಿದ ಮೇಲೆ ಜನರ ದಿನಚರಿಯೇ ಶಿಫ್ಟುಗಳಿಗೆ ಹೊಂದಿಕೊಂಡಿತು. ದಿನಕ್ಕೆ 24 ಗಂಟೆ, ಶಿಫ್ಟಿಗೆ 8 ಗಂಟೆ, ಮೂರು ಶಿಫ್ಟು. 24ಕ್ಕೆ ಎಂಟು ಅಪವರ್ತನಗಳಿವೆ: 1, 2, 3, 4, 6, 8, 12, 24. ಕುಲುಮೆ ಆರದಂತೆ ಹಗಲಿರುಳನ್ನು ಸಮನಾಗಿ ಹಂಚುವುದು ಅದರಿಂದಲೇ ಸುಲಭವಾಯಿತು. ದಿನಕ್ಕೆ 25 ಗಂಟೆ ಇದ್ದಿದ್ದರೆ ಮಾಲೀಕರೂ ಕಾರ್ಮಿಕರೂ ಜಗಳವಾಡಬೇಕಾಗುತ್ತಿತ್ತು.

ಅಜ್ಜನಿಗೆ ರಾತ್ರಿ ಶಿಫ್ಟು ಮೂರು ವಾರಕ್ಕೊಮ್ಮೆ ಬರುತ್ತಿತ್ತು. ಅಜ್ಜಿ ಎರಡು ವಾರಕ್ಕೊಮ್ಮೆ ತನ್ನ ತವರಿಗೆ ಹೋಗಿ ಒಂದೆರಡು ರಾತ್ರಿ ಇದ್ದು ಕಾಳುಕಡ್ಡಿ ತರುತ್ತಿದ್ದಳು. ಇವೆರಡೂ ಒಂದೇ ವಾರ ಕೂಡಿಬಂದರೆ ರಾತ್ರಿ ಮಕ್ಕಳನ್ನು ನೋಡುವವರಿಲ್ಲ. ಅದಕ್ಕಾಗಿ ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆದು, ಆರನೆಯ ಗೀಟಿಗೆ ಒಂದು ಅಡ್ಡಗೀಟು ಹಾಕುತ್ತಿದ್ದಳಂತೆ. ಆ ವಾರ ತವರಿನ ಪ್ರಯಾಣ ರದ್ದು. ಮೂರು ಮತ್ತು ಎರಡರ ಲಘುತ್ತಮ ಸಾಮಾನ್ಯ ಅಪವರ್ತ್ಯ ಆರು ಎಂದು ನಾನು ಅವಳಿಗೆ ಹೇಳಿದರೆ, “ಅದಕ್ಕೆ ಅಷ್ಟುದ್ದ ಹೆಸರು ಯಾಕೆ ಬೇಕು?” ಎಂದು ಕೇಳುತ್ತಾಳೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುವ ಹಾಗೆ ಎರಡು ಮಗ್ಗಿಗಳು ಸೇರುವ ಸ್ಥಳ ಎಂದು ಹೇಳಿದ ಮೇಲೆ ಒಪ್ಪಿಕೊಂಡಳು.

ಅವಳ ಇನ್ನೊಂದು ದೂರು ದಶಮಾಂಶ ನಾಣ್ಯದ ಮೇಲೆ. 1957ರ ಏಪ್ರಿಲಿನಲ್ಲಿ ನಯಾಪೈಸೆ ಬಂದಾಗ ಅವಳಿಗೆ ಹತ್ತು ಹನ್ನೆರಡು ವರ್ಷ. ಅದಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಮೂವರು ಕೂಲಿಯ ಹೆಂಗಸರು ಒಂದು ರೂಪಾಯಿಯನ್ನು ಹಂಚಿಕೊಂಡರೆ ತಲೆಗೆ ಐದಾಣೆ ನಾಲ್ಕು ಪೈ, ಲೆಕ್ಕ ಚುಕ್ತಾ. ಹೊಸ ನಾಣ್ಯದಲ್ಲಿ ಮೂವತ್ತಮೂರು, ಮೂವತ್ತಮೂರು, ಮೂವತ್ತಮೂರು, ಉಳಿದ ಒಂದು ಪೈಸೆ ಯಾರಿಗೆ? ನಾನು ಕಾಗದದ ಮೇಲೆ ಹಾಕಿ ನೋಡಿದೆ. ರೂಪಾಯಿಯ 192 ಪೈಗಳಿಗೆ ಹದಿನಾಲ್ಕು ಅಪವರ್ತನಗಳು. 100ಕ್ಕೆ ಬರಿಯ ಒಂಬತ್ತು, ಅವುಗಳಲ್ಲಿ ಮೂರು ಇಲ್ಲ. ದಶಮಾಂಶ ಪದ್ಧತಿಯ ಅನುಕೂಲಗಳನ್ನು ಅರ್ಥಶಾಸ್ತ್ರದ ನಮ್ಮ ಗುರುಗಳು ಹೇಳಿಕೊಟ್ಟಿದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಜ್ಜಿಯ ದೂರು ಬರಿಯ ಮುದುಕಿಯ ಗೊಣಗಾಟವಲ್ಲವೆಂಬುದು ನನಗೆ ಅಂದು ತಿಳಿಯಿತು.

ಮನೆಯಲ್ಲಿ ಒಂದು ಅಳಗುಳಿಮಣೆಯೂ ಇದೆ. ಎರಡು ಸಾಲು, ಸಾಲಿಗೆ ಏಳು ಗುಳಿ. ನಮ್ಮಲ್ಲಿ ಗುಳಿಗೆ ಐದರಂತೆ ಹುಣಸೆ ಬೀಜ ಇಡುವುದು ರೂಢಿ; ಒಟ್ಟು 70. ಕರಾವಳಿಯ ಕಡೆ ಇದನ್ನೇ ಚೆನ್ನೆಮಣೆ ಎಂದು ಕರೆದು ನಾಲ್ಕು ನಾಲ್ಕು ಇಡುತ್ತಾರೆ. ಹದಿನಾಲ್ಕು ನಾಲ್ಕಲೆ 56. ನನ್ನನ್ನು ಬೆಂಚು ಹತ್ತಿಸಿದ ಅದೇ 56! ಒಂದು ಗುಳಿಯ ಬೀಜಗಳನ್ನು ಎತ್ತಿ ಒಂದೊಂದಾಗಿ ಹಾಕುತ್ತ ಹೋಗುವಾಗ ಕೊನೆಯದು ಎಲ್ಲಿ ಬೀಳುತ್ತದೆಂಬುದನ್ನು ಅಜ್ಜಿ ಮೊದಲೇ ಕಣ್ಣಿನಲ್ಲಿ ಅಳೆದುಬಿಡುತ್ತಾಳೆ. ಕೈಯಲ್ಲಿ ಹದಿನಾಲ್ಕು ಬೀಜ ಕೂಡಿದ್ದರೆ ಒಂದು ಸುತ್ತು ಪೂರಾ, ಹದಿನಾರಿದ್ದರೆ ಒಂದು ಸುತ್ತು ಮತ್ತು ಎರಡು. ಭಾಗಾಹಾರದ ಶೇಷ ಎಂದರೆ ಇದೇ ಅಲ್ಲವೆ? ಬಾಲ್ಯದಲ್ಲಿ ನಾನು ಅವಳೊಡನೆ ಎಷ್ಟೋ ಮಧ್ಯಾಹ್ನ ಆಡಿದ್ದೇನೆ, ಸೋತಿದ್ದೇನೆ. ಶಾಲೆಯ ಲೆಕ್ಕಕ್ಕೂ ಈ ಮಣೆಗೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ, ಹೊಳೆಯಿಸುವವರೂ ಇರಲಿಲ್ಲ.

ಹೊಳೆದದ್ದು ಕಳೆದ ವರ್ಷ, ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರದಲ್ಲಿ. ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಇಳಿದುಕೊಂಡಿದ್ದೆವು. ಬೆಳಿಗ್ಗೆ ಚರಂಡಿ, ರಸ್ತೆ. ಸಂಜೆ ಮಕ್ಕಳಿಗೆ ಪಾಠ. ಯಾರು ಯಾವ ವಿಷಯ ಎಂದು ಚೀಟಿ ಎತ್ತಿದಾಗ ನನ್ನ ಪಾಲಿಗೆ ಗಣಿತ ಬಂತು. ಚೀಟಿ ಬದಲಾಯಿಸಿಕೊಳ್ಳಲು ಗೆಳತಿಯರ ಕಾಲು ಹಿಡಿದೆ. ಯಾರೂ ಒಪ್ಪಲಿಲ್ಲ. ಎಲ್ಲರೂ ನನ್ನಂಥವರೇ.

ಮೊದಲ ಸಂಜೆ ಮಕ್ಕಳನ್ನು ಸಮ ಗುಂಪುಗಳಾಗಿ ನಿಲ್ಲಿಸಹೊರಟೆ. ಎರಡೆರಡು ಮಾಡಿದರೆ ಒಬ್ಬ ಮಿಕ್ಕ. ಮೂರು ಮೂರು, ಆಗಲೂ ಒಬ್ಬ. ಐದೈದು, ಮತ್ತೆ ಒಬ್ಬ. ಶಾಲೆಯ ಮೇಷ್ಟ್ರು ಜಗುಲಿಯ ಮೇಲೆ ಕುಳಿತು ನೋಡುತ್ತಿದ್ದವರು, “ಏನಮ್ಮಾ, ಮೂವತ್ತೊಂದು ಮಕ್ಕಳಿದ್ದಾರೆ, ನಾಳೆ ಬೆಳಗಿನ ತನಕ ನಿಲ್ಲಿಸಿದರೂ ಸಮವಾಗೋದಿಲ್ಲ. ನೀವೂ ಅವರ ಜೊತೆ ನಿಂತುಕೊಳ್ಳಿ” ಎಂದರು. ನಾನು ಸೇರಿದೆ; ಮೂವತ್ತೆರಡಾಯಿತು. ಎರಡಾಗಿ, ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಹೇಗೆ ಬೇಕಾದರೂ ಒಡೆದುಕೊಂಡೆವು. ಮಕ್ಕಳು ಕೇಕೆ ಹಾಕಿದರು. ಅವಿಭಾಜ್ಯ ಸಂಖ್ಯೆ ಎಂದರೇನೆಂದು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವಳು ನಾನು. ಅದು ಏನೆಂದು ತಿಳಿದದ್ದು ಆ ಅಂಗಳದಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ.

ಎರಡನೆಯ ಸಂಜೆ ನಾನೇ ಧೈರ್ಯ ಮಾಡಿ ಒಂದು ಆಟ ಆಡಿಸಿದೆ. ಎಲ್ಲರಿಗೂ ಗೊತ್ತಿರುವ ಆಟ: ವೃತ್ತದಲ್ಲಿ ಕುಳಿತು ಒಂದು, ಎರಡು ಎಂದು ಎಣಿಸುತ್ತ ಹೋಗುವುದು, ಏಳರ ಮಗ್ಗಿಯ ಸಂಖ್ಯೆ ಬಂದವನು ಸಂಖ್ಯೆ ಹೇಳದೆ ಚಪ್ಪಾಳೆ ತಟ್ಟುವುದು, ತಪ್ಪಿದವನು ಔಟು. ಬಹಳ ಗದ್ದಲ, ಬಹಳ ನಗು. ನಾನು ಹಿಗ್ಗಿದೆ. ಆದರೆ ಸುಮಾರು ಹೊತ್ತಿನ ಮೇಲೆ ಗಮನಿಸಿದೆ, ಒಂದು ಹುಡುಗಿ ಪ್ರತಿ ಸಲವೂ ಮೊದಲ ಸುತ್ತಿನಲ್ಲೇ ಹದಿನಾಲ್ಕಕ್ಕೋ ಇಪ್ಪತ್ತೊಂದಕ್ಕೋ ಔಟಾಗಿ, ಗೋಡೆಗೆ ಒರಗಿ, ಕಡ್ಡಿಯಿಂದ ನೆಲದ ಮೇಲೆ ಏನೋ ಗೀಚುತ್ತ ಕೂರುತ್ತಿದ್ದಳು. ಕೊನೆಯವರೆಗೂ ಉಳಿದು ಮತ್ತೆ ಮತ್ತೆ ಏಳರ ಮಗ್ಗಿ ಅಭ್ಯಾಸ ಮಾಡಿದವರು ಯಾರು? ಅದು ಮೊದಲೇ ಬರುತ್ತಿದ್ದವರು. ಬಾರದವಳಿಗೆ ಸಿಕ್ಕಿದ್ದು ಗೋಡೆ. ನನಗೆ ಬೆಂಚು ಸಿಕ್ಕಿದ ಹಾಗೆ. ಆಟವೆಂಬ ಹೆಸರಿಟ್ಟ ಮಾತ್ರಕ್ಕೆ ಎಲ್ಲ ಆಟವೂ ಮಕ್ಕಳ ಮಿತ್ರನಾಗುವುದಿಲ್ಲ. ಇದನ್ನು ಒತ್ತಿ ಹೇಳಬೇಕೆಂದೇ ಈ ಲೇಖನಕ್ಕೆ ಕುಳಿತೆ ಎಂದರೂ ಸಲ್ಲುತ್ತದೆ. ಏಕೆಂದರೆ ಆಟದ ಮೂಲಕ ಪಾಠ ಎಂದು ಕೊಂಡಾಡುವವರು ಗೋಡೆಗೆ ಒರಗಿದವರನ್ನು ಎಣಿಸುವುದು ಅಪರೂಪ.

ಈ ಚಿಂತೆಯನ್ನು ಮೇಷ್ಟ್ರಿಗೆ ಹೇಳಿದೆ. ಅವರು ಬೀರುವಿನಿಂದ ಒಂದು ಹಳೆಯ ರಟ್ಟು ತೆಗೆದರು. ಹತ್ತು ಸಾಲು, ಸಾಲಿಗೆ ಹತ್ತು ಮನೆ, ಒಂದರಿಂದ ನೂರು. ಜೊತೆಗೆ ಹಿಡಿ ಹುಣಸೆ ಬೀಜ. “ಇಬ್ಬಿಬ್ಬರನ್ನ ಕೂರಿಸಿ, ಯಾರೂ ಔಟಿಲ್ಲ” ಎಂದರು. ಆಟದ ನಿಯಮ ಸರಳ. ಒಬ್ಬನು ಒಂದು ಸಂಖ್ಯೆಯ ಮೇಲೆ ಬೀಜ ಇಡುತ್ತಾನೆ. ಎದುರಾಳಿ ಆ ಸಂಖ್ಯೆಯ ಅಪವರ್ತನ ಅಥವಾ ಅಪವರ್ತ್ಯದ ಮೇಲೆ ಇಡಬೇಕು. ಒಮ್ಮೆ ಬೀಜ ಬಿದ್ದ ಮನೆ ಮತ್ತೆ ಸಿಗದು. ಮುಂದೆ ಇಡಲು ಮನೆಯಿಲ್ಲದವನು ಸೋತ. 36 ಎಂದರೆ 9, ಅದಕ್ಕೆ 45, ಅದಕ್ಕೆ 15, ಅದಕ್ಕೆ 60, 12, 84, 7, 91, 13, ಹೀಗೆ. ನೋಡಿರಿ, ಇಲ್ಲಿ ಹೊಳೆಯ ಕೆಳಕ್ಕೂ ಹೋಗಬೇಕು, ಮೇಲಕ್ಕೂ ಈಜಬೇಕು. 91 ಎಂದು ಎದುರಿನವನು ಇಟ್ಟಾಗ ಅದು ಏಳು ಹದಿಮೂರಲೆ ಎಂದು ನೆನಪಾಗದಿದ್ದರೆ ಕೈ ಕಟ್ಟುತ್ತದೆ. ಆದರೆ ಕೈ ಕಟ್ಟಿದರೂ ಬೆಂಚಿಲ್ಲ, ಗೋಡೆಯಿಲ್ಲ. ಎದುರಿಗೆ ಒಬ್ಬ ಗೆಳೆಯ, ಅಷ್ಟೇ. ಯೋಚಿಸಲು ಹೊತ್ತಿದೆ. ಸೋತರೆ ಬೀಜ ಗುಡಿಸಿ ಮತ್ತೆ ಆರಂಭ.

ಮೂರನೆಯ ದಿನ ಒಬ್ಬ ಹುಡುಗ ಎಲ್ಲರನ್ನೂ ಎರಡೇ ಏಟಿಗೆ ಸೋಲಿಸತೊಡಗಿದ. ಗುಟ್ಟೇನೆಂದು ನೋಡಿದರೆ, ಅವನು ಮೊದಲಿಗೇ 97 ಇಡುತ್ತಿದ್ದ. ಎದುರಾಳಿಗೆ 1 ಬಿಟ್ಟು ಬೇರೆ ದಾರಿಯಿಲ್ಲ. ಅವನು 1 ಇಟ್ಟ ಕೂಡಲೇ ಇವನು 89. ಅಲ್ಲಿಗೆ ಎದುರಾಳಿಯ ದಾರಿ ಮುಚ್ಚಿತು. 1 ಮುಗಿದಿದೆ, 89ರ ಮುಂದಿನ ಅಪವರ್ತ್ಯ 178, ಅದು ಮಣೆಯಲ್ಲೇ ಇಲ್ಲ. ನೂರರೊಳಗೆ ಅವಿಭಾಜ್ಯ ಸಂಖ್ಯೆಗಳು 25. ಅವುಗಳಲ್ಲಿ ಐವತ್ತರ ಮೇಲಿನ ಹತ್ತು ಹೀಗೆ ಕತ್ತಿಯಂತೆ ಕೆಲಸ ಮಾಡುತ್ತವೆ. ಹುಡುಗರು ಅವಕ್ಕೆ ‘ಒಂಟಿಗ’ ಎಂದು ಹೆಸರಿಟ್ಟಿದ್ದರು. ಯಾರೂ ಹೇಳಿಕೊಡದೆ ಅವರು ಪಟ್ಟಿ ಮಾಡಿಕೊಂಡಿದ್ದರು: 53, 59, 61, 67, 71, 73, 79, 83, 89, 97. ಮೊದಲು ಅದರಲ್ಲಿ 51 ಕೂಡ ಇತ್ತು. ಮೂರು ಹದಿನೇಳಲೆ ಐವತ್ತೊಂದು ಎಂದು ಎದುರಾಳಿಯೊಬ್ಬ 17 ಇಟ್ಟು ತೋರಿಸಿದ ಮೇಲೆ ಹೊಡೆದುಹಾಕಿದರು. ಪುಸ್ತಕದ ತಪ್ಪನ್ನು ಮೇಷ್ಟ್ರು ತಿದ್ದುವುದಕ್ಕೂ ಆಟದ ತಪ್ಪನ್ನು ಎದುರಾಳಿ ತಿದ್ದುವುದಕ್ಕೂ ಬಹಳ ಅಂತರವಿದೆ. ಆಮೇಲೆ ನಿಯಮ ಬಿಗಿ ಮಾಡಿದೆವು: ಮೊದಲ ಸಂಖ್ಯೆ ಐವತ್ತಕ್ಕಿಂತ ಕಡಿಮೆಯ ಸಮ ಸಂಖ್ಯೆಯಾಗಿರಬೇಕು. ಅಲ್ಲಿಂದ ಆಟ ನಿಜವಾಗಿ ಆಟವಾಯಿತು, ಏಕೆಂದರೆ 1 ಇಡುವ ಗತಿ ಯಾರಿಗೆ ಬರುತ್ತದೋ ಅವನೇ ಸೋತಂತೆ. ಎದುರಿನವನನ್ನು ಆ ಮೂಲೆಗೆ ತಳ್ಳುವುದು ಹೇಗೆಂಬುದೇ ಎಲ್ಲರ ಧ್ಯಾನ.

ಗೋಡೆಯ ಹುಡುಗಿಯ ವಿಚಾರ ಹೇಳಬೇಕು. ಏಳು ದಿನಗಳಲ್ಲಿ ಅವಳು ಪ್ರಚಂಡಳಾದಳು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ಅವಳು ಕೊನೆಯ ದಿನವೂ ಸೋಲುತ್ತಲೇ ಇದ್ದಳು. ಒಂದೇ ವ್ಯತ್ಯಾಸ: ಊಟದ ಗಂಟೆ ಹೊಡೆದ ಮೇಲೂ ಏಳದೆ, “ಇನ್ನೊಂದು ಸಲ” ಎನ್ನುತ್ತಿದ್ದಳು.

ಶಿಬಿರ ಮುಗಿಸಿ ಬಂದು ಮೊಬೈಲಿನಲ್ಲಿ ಹುಡುಕಿದೆ. ಇಂಥ ಆಟವೊಂದು ಹುಟ್ಟಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೊ ಸಮೀಪದ ಜೂನಿಪರ್ ಗ್ರೀನ್ ಎಂಬಲ್ಲಿಯ ಪ್ರಾಥಮಿಕ ಶಾಲೆಯಲ್ಲಂತೆ. ಅಲ್ಲಿಯ ಒಬ್ಬ ಉಪಾಧ್ಯಾಯರು ಮಕ್ಕಳಿಗೆ ಗುಣಾಕಾರ, ಭಾಗಾಹಾರ ಅಭ್ಯಾಸ ಮಾಡಿಸಲು ಕಟ್ಟಿದ್ದು. 1997ರಲ್ಲಿ ಇಯಾನ್ ಸ್ಟುವರ್ಟ್ ಎಂಬ ಗಣಿತಜ್ಞರು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅದರ ವಿಷಯ ಬರೆದ ಮೇಲೆ ಲೋಕಕ್ಕೆಲ್ಲ ತಿಳಿಯಿತು. ಊರಿನ ಹೆಸರೇ ಆಟದ ಹೆಸರಾಗಿದೆ. ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರ ಉಪಾಯಕ್ಕೆ ವಿದ್ವಾಂಸರು ತಲೆಬಾಗಿದ್ದನ್ನು ಓದಿ ನನಗೆ ಸಂತೋಷವಾಯಿತು. ನಮ್ಮ ಹಳ್ಳಿಯ ಮೇಷ್ಟ್ರ ರಟ್ಟಿಗೆ ಯಾರು ತಲೆಬಾಗುತ್ತಾರೆ?

ಹಾಗೆಂದು ಇದೆಲ್ಲ ಹೊರಗಿನಿಂದ ಬರಬೇಕಾದ ವಿದ್ಯೆಯೆಂದು ತಿಳಿಯಬಾರದು. ನೃಪತುಂಗನೆಂದು ನಾವು ಕೊಂಡಾಡುವ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನೆಂದು ಇತಿಹಾಸದ ತರಗತಿಯಲ್ಲಿ ಒಂದು ಸಾಲಿನಲ್ಲಿ ಓದಿ ಮುಂದೆ ಹೋಗಿದ್ದೆವು. ಅದರಲ್ಲಿ ಏನಿದೆಯೆಂದು ಈಗ ನೋಡಿದೆ. ಗುಣಾಕಾರದ ಪ್ರಕರಣದಲ್ಲಿ ಅವನು ಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಕೊಡುತ್ತಾನೆ. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ನಾನು ಕಾಗದ ಪೆನ್ಸಿಲು ಹಿಡಿದು ಮಾಡಿಯೇ ನೋಡಿದೆ. ಎರಡು ಸಲ ತಪ್ಪಿ ಮೂರನೆಯ ಸಲ ಹಾರ ಕಾಗದದ ಮೇಲೆ ಮೂಡಿತು. ಇಂಥ ಲೆಕ್ಕವನ್ನು ಕಟ್ಟಬೇಕಾದರೆ ಮೊದಲು ಉತ್ತರವನ್ನು ಕಣ್ಣೆದುರು ಇಟ್ಟುಕೊಂಡು ಅದನ್ನು ಒಡೆಯಬೇಕು. 12345654321 ಎಂಬುದು 111111ರ ವರ್ಗ. 111111 ಎಂಬುದು 3, 7, 11, 13, 37ರ ಗುಣಲಬ್ಧ. 3 ಮತ್ತು 7ರ ಗುಣಲಬ್ಧ 21, ಅದರ ವರ್ಗವೇ 441. ಅಂದರೆ ಆಚಾರ್ಯನೂ ಹೊಳೆಯ ಮೇಲಕ್ಕೆ ಈಜಿದವನೇ ಇರಬೇಕು. ಹನ್ನೊಂದು ಶತಮಾನಗಳ ಹಿಂದೆ ನಮ್ಮ ನಾಡಿನ ಅರಸರ ಆಶ್ರಯದಲ್ಲಿ ಸಂಖ್ಯೆಗಳಿಂದ ಸಂತೋಷಪಡುವವರಿದ್ದರು. ನಮಗೆ ಮಾತ್ರ ಅವು ಬೆಂಚು ಹತ್ತಿಸುವ ಯಮದೂತರು.

ನನ್ನ ಮಾತಿಗೆ ಆಕ್ಷೇಪಗಳು ಬರುವುದುಂಟು. ಸ್ನಾತಕೋತ್ತರ ವಿದ್ಯಾಭ್ಯಾಸ ಮಾಡುತ್ತಿರುವ ನಮ್ಮೂರ ಅಣ್ಣನೊಬ್ಬ, “ಆಟ ಆಡಿಸುತ್ತ ಕುಳಿತರೆ ಪಾಠ ಮುಗಿಯುವುದು ಯಾವಾಗ?” ಎಂದ. ಒಂದು ಆಟಕ್ಕೆ ಬೇಕಾಗುವುದು ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಒಂದೊಂದು ಮಗುವೂ ಇಪ್ಪತ್ತು ಮೂವತ್ತು ಸಲ ಗುಣಿಸಿ ಭಾಗಿಸಿ ನೋಡಿರುತ್ತದೆ. ಕರಿಹಲಗೆಯ ಮೇಲೆ ಅಷ್ಟು ಲೆಕ್ಕ ಕೊಟ್ಟು ಮಾಡಿಸಿ ತಿದ್ದಲು ವಾರ ಬೇಕು. ಇನ್ನೊಂದು ಆಕ್ಷೇಪ, ಮಗ್ಗಿಯನ್ನು ಹೀಗಳೆಯುತ್ತೀಯೆ ಎಂಬುದು. ಇಲ್ಲ. ಮಗ್ಗಿ ಬಾರದವನು ಈ ಆಟವನ್ನು ಆಡಲಾರ. ಬಾರದಿದ್ದರೆ ಆಡುತ್ತ ಕಲಿಯಬೇಕಾಗುತ್ತದೆ. ನನಗೆ 38 ಅಂಕವಾದರೂ ಬಂದದ್ದು ಆ ರಾಗದ ಪುಣ್ಯದಿಂದಲೇ. ರಾಗದಲ್ಲೇ ನಿಲ್ಲಿಸಿದ್ದು ತಪ್ಪು.

ನಮ್ಮ ನಾಡಿನಲ್ಲಿ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಹಾಡು, ಕಾರ್ಡು, ಗುಂಪು ಎಲ್ಲವೂ ಅದರಲ್ಲಿವೆ. ಆದರೆ ಅದು ಮೂರನೆಯ ತರಗತಿಗೆ ಮುಗಿಯುತ್ತದೆ. ಅಪವರ್ತನದ ಪಾಠ ಬರುವುದು ಐದಕ್ಕೆ. ಮಗು ಆಟ ಮುಗಿಸಿ ಎದ್ದ ಮೇಲೆ ಕಠಿಣವಾದ ವಿಷಯ ಎದುರಾಗುತ್ತದೆ. ನಾಲ್ಕು ಐದನೆಯ ತರಗತಿಗಳಿಗಾಗಿ ಗಣಿತ ಕಲಿಕಾ ಆಂದೋಲನದ ಮೂಲಕ ಕಲಿಕಾ ಸಾಮಗ್ರಿಯ ಪೆಟ್ಟಿಗೆಗಳು ಶಾಲೆಗಳಿಗೆ ಬಂದಿವೆ, ಅದು ಒಳ್ಳೆಯ ಕೆಲಸ. ಪೆಟ್ಟಿಗೆ ತೆರೆದಿಟ್ಟ ಶಾಲೆಯನ್ನೂ ಕಂಡಿದ್ದೇನೆ. ಸಾಮಾನು ಕಳೆದುಹೋದರೆ ಯಾರು ಜವಾಬ್ದಾರರು ಎಂಬ ಭಯದಿಂದ ಬೀಗ ಹಾಕಿಟ್ಟ ಶಾಲೆಯನ್ನೂ ಕಂಡಿದ್ದೇನೆ. ರಟ್ಟಿಗೂ ಹುಣಸೆ ಬೀಜಕ್ಕೂ ಆ ಭಯವಿಲ್ಲ. ಒಂದು ಬೀಜ ಕಳೆದರೆ ಅವ್ವನ ಅಡುಗೆಮನೆಯಲ್ಲಿ ಇನ್ನೊಂದಿದೆ.

ಮಿತ್ರರೆ, ಇದು ಐದನೆಯ ತರಗತಿಯವರ ಚಿಂತೆ, ನಮಗೇಕೆ ಎಂದು ಕೇಳಬೇಡಿ. ನಮ್ಮ ತರಗತಿಯಲ್ಲಿ ಮುಂದೇನು ಎಂದು ಕೇಳಿದರೆ ಅರ್ಧಕ್ಕೂ ಹೆಚ್ಚು ಕೈಗಳು ಶಿಕ್ಷಕ ವೃತ್ತಿಯ ಕಡೆಗೆ ಏಳುತ್ತವೆ. ಒಂದರಿಂದ ಐದನೆಯ ತರಗತಿಗೆ ಪಾಠ ಹೇಳಬಯಸುವವರು ಬರೆಯಬೇಕಾದ ಶಿಕ್ಷಕರ ಅರ್ಹತಾ ಪರೀಕ್ಷೆಯ 150 ಅಂಕಗಳಲ್ಲಿ 30 ಗಣಿತಕ್ಕೆ. ಅದನ್ನು ಹೇಗೋ ದಾಟಿದೆವು ಎನ್ನೋಣ. ಲೆಕ್ಕಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದವರೇ ನಾಳೆ ಹಳ್ಳಿಯ ಶಾಲೆಯಲ್ಲಿ ನಾಲ್ಕು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡಬೇಕು. ಆಗ ನಮ್ಮ ಎದೆಯ ಹೆದರಿಕೆಯನ್ನು ಎಲ್ಲಿ ಮುಚ್ಚಿಡುತ್ತೇವೆ? ನಮಗೆ ಉತ್ತರ ಹೊಳೆಯದಿದ್ದಾಗ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುವುದು ಬಹಳ ಸುಲಭ. ನನ್ನನ್ನು ನಿಲ್ಲಿಸಿದ ಹಿರಿಯರ ಮೇಲೆ ನನಗೆ ಬಹಳ ವರ್ಷ ಕೋಪವಿತ್ತು. ಅವರೂ ಯಾವುದೋ ಬೆಂಚಿನಿಂದ ಇಳಿದು ಬಂದವರೇ ಇರಬಹುದೆಂದು ಈಗ ಅನಿಸುತ್ತದೆ.

ಆದುದರಿಂದ ನನ್ನ ಕೋರಿಕೆ ಎರಡು. ಮುಂದಿನ ಶಿಬಿರಕ್ಕೆ ಹೋಗುವ ತಂಡದವರು ಪೊರಕೆ ಸಲಿಕೆಗಳ ಜೊತೆಗೆ ನೂರು ಮನೆಯ ರಟ್ಟುಗಳನ್ನೂ ಒಯ್ಯಲಿ. ಹದಿನಾರು ರಟ್ಟು ಬರೆದುಕೊಡಲು ನಾನು ಸಿದ್ಧ. ಎರಡನೆಯದು, ನಮ್ಮ ವಾಚನಾಲಯದಲ್ಲಿ ಕೇರಂ ಮಣೆಯ ಪಕ್ಕದಲ್ಲಿ ಒಂದು ರಟ್ಟಿಗೆ ಜಾಗ ಸಿಗಲಿ. ಹೆದರಿಕೆ ಬಿಡಿಸಿಕೊಳ್ಳಬೇಕಾದವರು ಮಕ್ಕಳಿಗಿಂತ ಮೊದಲು ನಾವು.

ಈಗ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಇದೇ ಆಟ. ಅಡಿಕೆ ಸುಲಿಯುವ ಕಾಲದಲ್ಲಿ ಅವ್ವ ಮೆಟ್ಟುಗತ್ತಿಯ ಮುಂದೆ ಕುಳಿತೇ ತಮ್ಮನಿಗೆ ಸಂಖ್ಯೆ ಹೇಳಿಕೊಡುತ್ತಾಳೆ. ಅಂಕಿ ಓದಲು ಅವಳು ಕಲಿತದ್ದು ಬಸ್ಸಿನ ನಂಬರಿನಿಂದ. ತಮ್ಮ ಐದನೆಯ ತರಗತಿ. ಮೊನ್ನೆ ಅವನು 2 ಇಟ್ಟ. ದೊಡ್ಡ ಸಂಖ್ಯೆ ಇಟ್ಟರೆ ಕ್ಷೇಮವೆಂದು ನಾನು 94 ಇಟ್ಟೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಮೆಲ್ಲಗೆ 47ರ ಮೇಲೆ ಬೀಜ ಇಟ್ಟು, “ಅಕ್ಕಾ, ಈಗ ಒಂದು ಇಡು” ಎಂದ. 94 ಎರಡು ನಲವತ್ತೇಳಲೆ ಎಂಬುದು ನನಗೆ ಹೊಳೆದಿರಲಿಲ್ಲ. ಇಟ್ಟೆ. ಅವನು 97 ಇಟ್ಟ. ಅಂತಿಮ ಬಿ.ಎ. ಸೋತಿತು.

ಜಗಳ ಹೆಚ್ಚಾದ ಮೇಲೆ ಅವ್ವ ಇಬ್ಬರಿಗೂ ಕೂಡಿ ಒಂದೇ ಆಟ ಆಡಲು ಹೇಳಿದಳು. ಅದರಂತೆ ಯಾರೂ ಯಾರನ್ನೂ ಸೋಲಿಸದೆ, ಒಂದೇ ಸರಪಳಿಯನ್ನು ಎಷ್ಟು ಉದ್ದ ಬೆಳೆಸಬಹುದೆಂದು ನೋಡುತ್ತಿದ್ದೇವೆ. ನೂರರೊಳಗೆ ಸಾಧ್ಯವಾದ ಅತ್ಯಂತ ಉದ್ದನೆಯ ಸರಪಳಿ 77 ಸಂಖ್ಯೆಗಳದೆಂದು ಗಣಿತಜ್ಞರು ಕಂಡುಹಿಡಿದಿದ್ದಾರೆ. ಅಜ್ಜಿಯ ಇದ್ದಿಲ ಗೀಟುಗಳಿದ್ದ ಗೋಡೆಯ ಮೇಲೆ ಅಂಟಿಸಿದ ನಮ್ಮ ಸರಪಳಿ ಸದ್ಯಕ್ಕೆ 52ಕ್ಕೆ ನಿಂತಿದೆ. ಅದನ್ನು ಮುಂದಕ್ಕೆ ಎಳೆಯಬಲ್ಲವರು ಯಾರಾದರೂ ಇದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ವಾಚನಾಲಯದ ಕಿಟಕಿಯ ಬಳಿ ನನ್ನನ್ನು ಕಾಣಬಹುದು. ಬೀಜ ನಾನು ತರುತ್ತೇನೆ.